ಅಗ್ಗದ ಅಂಗಿಯ ಬೆಲೆಯನ್ನು ಯಾರು ತೆರುತ್ತಾರೆ?

ಜಾಗತೀಕರಣ ಎಂಬ ಪದ 1991ರ ನಂತರ ನಮ್ಮ ಪತ್ರಿಕೆಗಳಲ್ಲೂ ವೇದಿಕೆಗಳಲ್ಲೂ ಎಷ್ಟು ಬಳಕೆಯಾಯಿತೆಂದರೆ, ಕೇಳಿ ಕೇಳಿ ಅದರ ಅರ್ಥವೇ ಸವೆದುಹೋಗಿದೆ. ಕೆಲವರು ಅದನ್ನು ವರವೆಂದರು, ಕೆಲವರು ಶಾಪವೆಂದರು. ಶ್ರೀಮಂತ ದೇಶಗಳು ಬಡ ದೇಶಗಳನ್ನು ಸುಲಿಯುತ್ತಿವೆ ಎನ್ನುವುದು ಒಂದು ವಾದ. ಬಡ ದೇಶಗಳಿಗೆ ಉದ್ಯೋಗ ದೊರೆತಿದ್ದೇ ಅದರಿಂದ ಎನ್ನುವುದು ಇನ್ನೊಂದು ವಾದ. ಎರಡರಲ್ಲೂ ಹುರುಳಿದೆ. ಅದು ಹೇಗೆಂದು ತಿಳಿಯಲು ದೊಡ್ಡ ಗ್ರಂಥಗಳನ್ನು ತೆರೆಯಬೇಕಿಲ್ಲ, ನಾವು ತೊಡುವ ಬಟ್ಟೆಯನ್ನೇ ನೋಡೋಣ.

1974ರಿಂದ 2004ರ ಕೊನೆಯವರೆಗೆ ಒಂದು ಅಂತರರಾಷ್ಟ್ರೀಯ ಒಪ್ಪಂದ ಜಾರಿಯಲ್ಲಿತ್ತು. ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಿಕೊಳ್ಳಬಹುದೆಂಬ ಮಿತಿಯನ್ನು, ಅಂದರೆ ಕೋಟಾವನ್ನು, ಶ್ರೀಮಂತ ದೇಶಗಳು ಅದರಡಿ ಗೊತ್ತುಮಾಡುತ್ತಿದ್ದವು. ತಮ್ಮ ಗಿರಣಿಗಳನ್ನು ಉಳಿಸಿಕೊಳ್ಳುವುದು ಅವುಗಳ ಉದ್ದೇಶ. ಆದರೆ ವ್ಯಾಪಾರ ನೀರಿನಂತೆ; ಒಂದು ಕಡೆ ಕಟ್ಟೆ ಹಾಕಿದರೆ ಇನ್ನೊಂದು ಕಡೆ ಹರಿಯುತ್ತದೆ. ಮಿತಿಗೆ ಸಿಲುಕಿದ ದಕ್ಷಿಣ ಕೊರಿಯಾದ ದೇವೂ ಕಂಪನಿ, ಕೋಟಾದ ಕಟ್ಟಿಲ್ಲದ ಬಾಂಗ್ಲಾದೇಶದತ್ತ ತಿರುಗಿತು. 1979ರಲ್ಲಿ ಅಲ್ಲಿನ ದೇಶ್ ಗಾರ್ಮೆಂಟ್ಸ್ ಸಂಸ್ಥೆಯ ಸುಮಾರು 130 ಮಂದಿಯನ್ನು ಕೊರಿಯಾಕ್ಕೆ ಕರೆಸಿಕೊಂಡು ತರಬೇತಿ ನೀಡಿತು. ಅವರಲ್ಲಿ ಅನೇಕರು ಮುಂದೆ ಸ್ವಂತ ಕಾರ್ಖಾನೆಗಳನ್ನು ತೆರೆದರು. ಇಂದು ಬಾಂಗ್ಲಾದೇಶದ ರಫ್ತಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸಿದ್ಧ ಉಡುಪಿನದು. ಸುಮಾರು 40 ಲಕ್ಷ ಜನರಿಗೆ ಇದರಿಂದ ಕೆಲಸ ಸಿಕ್ಕಿದೆ. ಅವರಲ್ಲಿ ಹೆಂಗಸರೇ ಹೆಚ್ಚು.

ಇದನ್ನು ಲಘುವಾಗಿ ಕಾಣಬಾರದು. ಹೊಲವಿಲ್ಲದ ಮನೆಯ ಹೆಣ್ಣುಮಗಳು ಪಟ್ಟಣಕ್ಕೆ ಬಂದು ತಿಂಗಳ ಸಂಬಳ ಎಣಿಸಿಕೊಂಡಾಗ ಮನೆಯಲ್ಲಿ ಅವಳ ಮಾತಿಗೆ ತೂಕ ಬರುತ್ತದೆ, ತಂಗಿಯ ಶಾಲೆ ಮುಂದುವರಿಯುತ್ತದೆ, ಮದುವೆ ಒಂದೆರಡು ವರ್ಷ ಮುಂದಕ್ಕೆ ಹೋಗುತ್ತದೆ. ಜಾಗತೀಕರಣವನ್ನು ಸಾರಾಸಗಟಾಗಿ ಬೈಯುವವರು ಇವಳನ್ನು ಮರೆಯುತ್ತಾರೆಂದೇ ನಮಗೆ ತೋರುತ್ತದೆ.

ಹಾಗಾದರೆ ಕೇಡು ಎಲ್ಲಿದೆ? ಢಾಕಾದ ಹೊರವಲಯದ ಸವಾರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವಿತ್ತು. ಅಂಗಡಿ, ಕಚೇರಿಗಳಿಗೆಂದು ಕಟ್ಟಿದ್ದ ಅದರಲ್ಲಿ ಐದು ಗಾರ್ಮೆಂಟ್ ಕಾರ್ಖಾನೆಗಳು ನಡೆಯುತ್ತಿದ್ದವು. ಮೇಲಿನ ಅಂತಸ್ತುಗಳನ್ನು ಅನುಮತಿಯಿಲ್ಲದೆ ಏರಿಸಲಾಗಿತ್ತು. 2013ರ ಏಪ್ರಿಲ್ 23ರಂದು ಗೋಡೆ, ಕಂಬಗಳಲ್ಲಿ ಬಿರುಕು ಕಾಣಿಸಿತು. ಕೆಳಗಿದ್ದ ಬ್ಯಾಂಕಿನವರು ಕೂಡಲೇ ಸಿಬ್ಬಂದಿಯನ್ನು ಮನೆಗೆ ಕಳುಹಿಸಿದರು. ಹೊಲಿಗೆಯವರಿಗೆ ಮಾತ್ರ ಮರುದಿನ ಬೆಳಗ್ಗೆ ಕೆಲಸಕ್ಕೆ ಬರಲೇಬೇಕೆಂಬ ಅಪ್ಪಣೆಯಾಯಿತು. ಬಂದರು. ಕರೆಂಟು ಹೋಯಿತು, ಮೇಲಂತಸ್ತಿನ ಜನರೇಟರುಗಳು ಅದುರತೊಡಗಿದವು, ಇಡೀ ಕಟ್ಟಡ ಕುಸಿಯಿತು. ಸತ್ತವರು 1,134 ಮಂದಿ. ಗಾಯಗೊಂಡವರು ಎರಡು ಸಾವಿರಕ್ಕೂ ಹೆಚ್ಚು.

ಅದಾದ ಒಂದು ವಾರಕ್ಕೆ ಮೇ 1 ಬಂತು, ಕಾರ್ಮಿಕರಾದ ಸಂತ ಜೋಸೆಫರ ಹಬ್ಬ. ಸತ್ತವರ ಸಂಬಳ ತಿಂಗಳಿಗೆ 38 ಯೂರೋ ಎಂದು ಓದಿ ತಾವು ಬೆಚ್ಚಿದುದಾಗಿ ಪೋಪ್ ಫ್ರಾನ್ಸಿಸ್‌ರವರು ಅಂದಿನ ಬಲಿಪೂಜೆಯ ಪ್ರಬೋಧನೆಯಲ್ಲಿ ಹೇಳಿದರು. ಇಂಥ ದುಡಿಮೆಯನ್ನು ಅವರು ಗುಲಾಮಗಿರಿ ಎಂದೇ ಕರೆದರು.

ಬಿರುಕು ಬಿಟ್ಟ ಕಟ್ಟಡದೊಳಗೆ ಜನರನ್ನು ಅಟ್ಟಿದ್ದು ಮಾಲೀಕರ ದುರಾಸೆ, ನಿಜ. ಆದರೆ ದುರಾಸೆಯ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ಯೂರೋಪು, ಅಮೆರಿಕಗಳ ದೊಡ್ಡ ಬ್ರ್ಯಾಂಡುಗಳಿಗೆ ಸ್ವಂತ ಕಾರ್ಖಾನೆ ಇರುವುದು ಅಪರೂಪ. ಅವು ಆರ್ಡರ್ ಕೊಡುತ್ತವೆ. ಇಲ್ಲಿ ಬೆಲೆ ಏರಿದರೆ ಆರ್ಡರ್ ಇನ್ನೊಂದು ದೇಶಕ್ಕೆ ಹೋಗುತ್ತದೆ. ಹಣಕ್ಕೆ ಗಡಿಯಿಲ್ಲ, ಸರಕಿಗೆ ಗಡಿಯಿಲ್ಲ. ಹೊಲಿಗೆಯವಳಿಗೆ ಮಾತ್ರ ಪಾಸ್‌ಪೋರ್ಟು ಬೇಕು, ವೀಸಾ ಬೇಕು. ಸಾಗಣೆ ತಡವಾದರೆ ನಷ್ಟ ಕಾರ್ಖಾನೆಯ ತಲೆಗೆ. ಅವರು ಅದನ್ನು ಕೂಲಿಕಾರರ ತಲೆಗೆ ದಾಟಿಸುತ್ತಾರೆ. 2020ರಲ್ಲಿ ಕೊರೊನಾ ಬಂದಾಗಲೂ ಇದೇ ಆಯಿತು. ಬಾಂಗ್ಲಾದೇಶದ ಕಾರ್ಖಾನೆಗಳಿಗೆ ಕೊಟ್ಟಿದ್ದ 300 ಕೋಟಿ ಡಾಲರಿಗೂ ಮಿಕ್ಕಿದ ಆರ್ಡರುಗಳನ್ನು ರದ್ದು ಮಾಡಲಾಯಿತು, ಇಲ್ಲವೇ ತಡೆಹಿಡಿಯಲಾಯಿತು. ಎಷ್ಟೋ ಬಟ್ಟೆ ಆಗಲೇ ಹೊಲಿದು ಮುಗಿದಿತ್ತು! ಪ್ರತಿಭಟನೆಯ ನಂತರ ಕೆಲವು ಕಂಪನಿಗಳು ಹಣ ಕೊಡಲು ಒಪ್ಪಿದವು.

ಶ್ರೀಮಂತ ದೇಶದಲ್ಲಿ ಎಲ್ಲರೂ ಗೆದ್ದರೇ? ಅದೂ ಇಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕನ್ನಾಪೊಲಿಸ್ ಎಂಬ ಊರಿದೆ. ಗಿರಣಿಯೊಂದರ ಸುತ್ತಲೇ ಬೆಳೆದ ಊರು ಅದು. 2003ರ ಜುಲೈಯಲ್ಲಿ ಅಲ್ಲಿನ ಪಿಲೊಟೆಕ್ಸ್ ಕಂಪನಿ ಬಾಗಿಲು ಹಾಕಿದಾಗ ಆ ರಾಜ್ಯವೊಂದರಲ್ಲೇ ಸುಮಾರು 4,800 ಮಂದಿ ಕೆಲಸ ಕಳೆದುಕೊಂಡರು. ತಂದೆ, ಮಗ, ಸೊಸೆ ಎಲ್ಲರೂ ಒಂದೇ ಗಿರಣಿಗೆ ಹೋಗುತ್ತಿದ್ದ ಮನೆಗಳಿಗೆ ಅಗ್ಗದ ಟವೆಲು ಸಿಕ್ಕಿತೆಂಬ ಸಮಾಧಾನ ಸಾಕಾಗುವುದಿಲ್ಲ. ಲಾಭ ದಕ್ಕಿದ್ದು ಷೇರುದಾರರಿಗೆ, ಚೂರುಪಾರು ಗಿರಾಕಿಗಳಿಗೆ. ಇಂಥ ಊರುಗಳ ಸಿಟ್ಟೂ ಸೇರಿ ಅಮೆರಿಕದಲ್ಲಿ ಸುಂಕದ ರಾಜಕೀಯಕ್ಕೆ ಬಲ ಬಂತು. 2025ರ ಆಗಸ್ಟ್‌ನಲ್ಲಿ ಆ ದೇಶ ಭಾರತದ ಅನೇಕ ಸರಕುಗಳ ಮೇಲೆ ಶೇಕಡಾ 50ರಷ್ಟು ಸುಂಕ ಹೇರಿದಾಗ ಅದರ ಪೆಟ್ಟು ಬಿದ್ದುದು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ.

ತೊಟ್ಟು ಬಿಸಾಡಿದ ಮೇಲೂ ಬಟ್ಟೆಯ ಕಥೆ ಮುಗಿಯುವುದಿಲ್ಲ. ಶ್ರೀಮಂತರ ಹಳೆಯ ಬಟ್ಟೆ ಮೂಟೆಮೂಟೆಯಾಗಿ ಆಫ್ರಿಕಾಕ್ಕೆ ಹೋಗುತ್ತದೆ. ಅಲ್ಲಿನ ದರ್ಜಿಗಳಿಗೆ ಕೆಲಸವಿಲ್ಲವಾಗುತ್ತದೆ ಎಂದು ರುವಾಂಡ ಸರ್ಕಾರ 2016ರಲ್ಲಿ ಹಳೆಯ ಬಟ್ಟೆಯ ಸುಂಕವನ್ನು ಕಿಲೋಗೆ 20 ಸೆಂಟ್‌ನಿಂದ ಎರಡೂವರೆ ಡಾಲರಿಗೆ ಏರಿಸಿತು. ಅಮೆರಿಕ ಸುಮ್ಮನಿರಲಿಲ್ಲ. 2018ರಲ್ಲಿ ರುವಾಂಡದ ಉಡುಪುಗಳಿಗೆ ಇದ್ದ ಸುಂಕ ವಿನಾಯಿತಿಯನ್ನು ತಡೆಹಿಡಿಯಿತು. ತನ್ನ ಗಿರಣಿಗಳನ್ನು ಮೂವತ್ತು ವರ್ಷ ಕೋಟಾದಿಂದ ಕಾಪಾಡಿಕೊಂಡ ದೇಶ ಇದೇ ಎಂಬುದನ್ನು ನೆನಪಿಡೋಣ.

ರಾಣಾ ಪ್ಲಾಜಾ ನಂತರ ಏನೂ ಬದಲಾಗಲಿಲ್ಲ ಎಂದರೆ ತಪ್ಪಾದೀತು. ಮರುತಿಂಗಳೇ ಬ್ರ್ಯಾಂಡುಗಳಿಗೂ ಕಾರ್ಮಿಕ ಸಂಘಗಳಿಗೂ ನಡುವೆ ಕಾನೂನುಬದ್ಧ ಸುರಕ್ಷತಾ ಒಪ್ಪಂದವಾಯಿತು. 200ಕ್ಕೂ ಹೆಚ್ಚು ಕಂಪನಿಗಳು ಸಹಿ ಹಾಕಿದವು, ಸಾವಿರಾರು ಕಾರ್ಖಾನೆಗಳ ತಪಾಸಣೆ ನಡೆಯಿತು. ಕಟ್ಟಡಗಳು ಗಟ್ಟಿಯಾದವು. ಕೂಲಿಯೂ ಏರಿತು: ದುರಂತದ ವೇಳೆಗೆ 3,000 ಟಾಕಾ ಇದ್ದ ಕನಿಷ್ಠ ವೇತನ 2023ರ ಡಿಸೆಂಬರ್‌ನಲ್ಲಿ 12,500 ಟಾಕಾ ಆಯಿತು. ಕಾರ್ಮಿಕರು ಬೀದಿಗಿಳಿದು ಕೇಳಿದ್ದು 23,000.

ನಮ್ಮ ಬೆಂಗಳೂರಿನಲ್ಲೂ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಲಕ್ಷಗಟ್ಟಲೆ ಇದ್ದಾರೆ. ಭವಿಷ್ಯನಿಧಿಗೆ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದು 2016ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿದಾಗ ಅವರು ಏಪ್ರಿಲ್ 18ರಂದು ಯಾವ ಮುಖಂಡರಿಗೂ ಕಾಯದೆ ಹೊಸೂರು ರಸ್ತೆಗೆ ಇಳಿದರು. ಮಕ್ಕಳ ಫೀಸು, ಆಸ್ಪತ್ರೆಯ ಬಿಲ್ಲು, ಮಗಳ ಮದುವೆ, ಎಲ್ಲಕ್ಕೂ ಆ ಪಿ.ಎಫ್. ಹಣವೇ ಅವರಿಗೆ ಆಧಾರ. ಎರಡನೆಯ ದಿನವೇ ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು.