ನಿರ್ಜಲೀಕರಣ: ದೇಹದ ಮೇಲಿನ ಪರಿಣಾಮಗಳು ಮತ್ತು ಮನೆಯಲ್ಲಿ ಕೈಗೊಳ್ಳಬೇಕಾದ ಕ್ರಮಗಳು

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ವಾಂತಿ-ಭೇದಿಯಿಂದ ಸಂಭವಿಸುವ ಬಹುಪಾಲು ಸಾವುಗಳಿಗೆ ನೇರ ಕಾರಣ ದೇಹವು ಕಳೆದುಕೊಳ್ಳುವ ನೀರು ಮತ್ತು ಲವಣಗಳ ಕೊರತೆಯೇ ಆಗಿರುತ್ತದೆ. ಈ ಕೊರತೆಯನ್ನು ನಿರ್ಜಲೀಕರಣ ಎಂದು ಕರೆಯಲಾಗುತ್ತದೆ. ಸಾಮಾನ್ಯ ಭೇದಿಯು ಕೆಲವು ದಿನಗಳಲ್ಲಿ ತಾನಾಗಿಯೇ ಶಮನಗೊಳ್ಳುತ್ತದೆಯಾದರೂ, ಆ ಅವಧಿಯಲ್ಲಿ ನಷ್ಟವಾದ ನೀರನ್ನು ಮರಳಿ ತುಂಬದಿದ್ದಲ್ಲಿ ಚಿಕ್ಕ ಮಗುವು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯಕ್ಕೆ ಗುರಿಯಾಗಬಹುದು.

ನಮ್ಮ ರಾಜ್ಯದಲ್ಲಿಯೂ ಇಂತಹ ಘಟನೆಗಳು ನಡೆದಿವೆ. 2022ರಲ್ಲಿ ರಾಯಚೂರು ನಗರದಲ್ಲಿ ಹಾಗೂ 2023ರ ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಸೇವನೆಯಿಂದ ಅನೇಕರು ವಾಂತಿ-ಭೇದಿಗೆ ತುತ್ತಾಗಿ, ಸಾವುಗಳೂ ಸಂಭವಿಸಿದವು. ನೀರು ಕಲುಷಿತವಾಗದಂತೆ ತಡೆಯುವುದು ಮೊದಲ ಕರ್ತವ್ಯ. ಆದರೆ ರೋಗವು ಬಂದ ನಂತರ ಜೀವವನ್ನು ಉಳಿಸುವ ಮೊದಲ ಚಿಕಿತ್ಸೆಯು ಮನೆಯಲ್ಲಿಯೇ, ಮೊದಲ ಭೇದಿಯಿಂದಲೇ ಆರಂಭವಾಗಬೇಕು. ಅದನ್ನು ಹೇಗೆ ಮಾಡಬೇಕೆಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

1. ದೇಹದಲ್ಲಿ ನೀರಿನ ಸ್ಥಾನ

ವಯಸ್ಕ ಪುರುಷನ ದೇಹತೂಕದಲ್ಲಿ ಸುಮಾರು ಶೇಕಡಾ 60ರಷ್ಟು ನೀರಿರುತ್ತದೆ. ಅಂದರೆ 60 ಕಿ.ಗ್ರಾಂ ತೂಕದ ವ್ಯಕ್ತಿಯಲ್ಲಿ ಸುಮಾರು 36 ಲೀಟರ್. ಸ್ತ್ರೀಯರಲ್ಲಿ ಈ ಪ್ರಮಾಣವು ತುಸು ಕಡಿಮೆ. ನವಜಾತ ಶಿಶುವಿನಲ್ಲಿ ಸುಮಾರು ಮುಕ್ಕಾಲು ಪಾಲು. ಈ ನೀರಿನ ಮೂರನೆಯ ಎರಡು ಭಾಗವು ಜೀವಕೋಶಗಳ ಒಳಗೂ, ಉಳಿದ ಒಂದು ಭಾಗವು ರಕ್ತದಲ್ಲಿ ಹಾಗೂ ಜೀವಕೋಶಗಳ ನಡುವೆಯೂ ಇರುತ್ತದೆ.

ಆರೋಗ್ಯವಂತ ವಯಸ್ಕನು ಮೂತ್ರ, ಬೆವರು, ಉಸಿರು ಮತ್ತು ಮಲದ ಮೂಲಕ ದಿನವೊಂದಕ್ಕೆ ಸುಮಾರು ಎರಡೂವರೆ ಲೀಟರ್ ನೀರನ್ನು ಹೊರಹಾಕುತ್ತಾನೆ. ಇದರಲ್ಲಿ ಮಲದ ಮೂಲಕ ಹೋಗುವುದು 100ರಿಂದ 200 ಮಿ.ಲೀ. ಮಾತ್ರ. ಆದರೆ ನಾವು ಕುಡಿಯುವ ನೀರು ಮತ್ತು ಜೀರ್ಣರಸಗಳು ಸೇರಿ ದಿನಕ್ಕೆ 8ರಿಂದ 9 ಲೀಟರ್ ದ್ರವವು ಕರುಳನ್ನು ಹಾದುಹೋಗುತ್ತದೆ. ಕರುಳು ಇದರ ಬಹುತೇಕ ಭಾಗವನ್ನು ಹೀರಿಕೊಂಡು ರಕ್ತಕ್ಕೆ ಹಿಂದಿರುಗಿಸುತ್ತದೆ. ಭೇದಿಯಾದಾಗ ಈ ಹೀರಿಕೆಯು ಕುಂಠಿತವಾಗುತ್ತದೆ ಅಥವಾ ಕರುಳು ತಾನೇ ಹೆಚ್ಚು ದ್ರವವನ್ನು ಸ್ರವಿಸುತ್ತದೆ. ತೀವ್ರವಾದ ಕಾಲರಾ ರೋಗದಲ್ಲಿ ವಯಸ್ಕನೊಬ್ಬನು ಗಂಟೆಗೆ ಒಂದು ಲೀಟರ್‌ವರೆಗೂ ದ್ರವವನ್ನು ಕಳೆದುಕೊಳ್ಳಬಹುದು.

ನೀರಿನೊಂದಿಗೆ ಸೋಡಿಯಂ, ಪೊಟ್ಯಾಸಿಯಂ ಮತ್ತು ಬೈಕಾರ್ಬೊನೇಟ್ ಲವಣಗಳೂ ಹೊರಹೋಗುತ್ತವೆ. ಆದುದರಿಂದ ಕೇವಲ ನೀರನ್ನು ಕುಡಿಸುವುದರಿಂದ ಈ ನಷ್ಟವು ಪೂರ್ಣವಾಗಿ ತುಂಬುವುದಿಲ್ಲ.

2. ನೀರು ಕಡಿಮೆಯಾದಾಗ ದೇಹದಲ್ಲಿ ಆಗುವ ಬದಲಾವಣೆಗಳು

ರಕ್ತದಲ್ಲಿ ಲವಣಾಂಶದ ಸಾಂದ್ರತೆಯು ಸ್ವಲ್ಪ ಏರಿದೊಡನೆ ಮೆದುಳು ಬಾಯಾರಿಕೆಯನ್ನು ಉಂಟುಮಾಡುತ್ತದೆ ಮತ್ತು ನೀರನ್ನು ಉಳಿಸುವಂತೆ ಹಾರ್ಮೋನಿನ ಮೂಲಕ ಮೂತ್ರಪಿಂಡಗಳಿಗೆ ಸೂಚನೆ ನೀಡುತ್ತದೆ. ಮೂತ್ರದ ಪ್ರಮಾಣವು ಕಡಿಮೆಯಾಗಿ ಅದರ ಬಣ್ಣವು ಗಾಢ ಹಳದಿಗೆ ತಿರುಗುವುದು ಇದರಿಂದಲೇ.

ನಷ್ಟವು ಮುಂದುವರಿದಲ್ಲಿ ರಕ್ತನಾಳಗಳಲ್ಲಿ ಹರಿಯುವ ರಕ್ತದ ಪ್ರಮಾಣವು ಇಳಿಯುತ್ತದೆ. ಅದನ್ನು ಸರಿದೂಗಿಸಲು ಹೃದಯವು ವೇಗವಾಗಿ ಬಡಿಯುತ್ತದೆ. ಚರ್ಮ ಮತ್ತು ಕೈಕಾಲುಗಳ ರಕ್ತನಾಳಗಳು ಸಂಕುಚಿತಗೊಂಡು ಕೈಕಾಲು ತಣ್ಣಗಾಗುತ್ತವೆ. ಕಣ್ಣುಗಳು ಗುಳಿಬೀಳುತ್ತವೆ, ಬಾಯಿ ಒಣಗುತ್ತದೆ, ಚರ್ಮವು ತನ್ನ ಬಿಗುವನ್ನು ಕಳೆದುಕೊಳ್ಳುತ್ತದೆ. ಪೊಟ್ಯಾಸಿಯಂ ಕೊರತೆಯಿಂದ ಸ್ನಾಯುಗಳು ನಿಶ್ಶಕ್ತವಾಗಿ ಹೊಟ್ಟೆ ಉಬ್ಬರಿಸಬಹುದು. ಬೈಕಾರ್ಬೊನೇಟ್ ನಷ್ಟದಿಂದ ರಕ್ತದಲ್ಲಿ ಆಮ್ಲೀಯತೆ ಹೆಚ್ಚಿ ಉಸಿರಾಟವು ಆಳವಾಗಿಯೂ ವೇಗವಾಗಿಯೂ ನಡೆಯುತ್ತದೆ.

ಅಂತಿಮ ಹಂತದಲ್ಲಿ ರಕ್ತದೊತ್ತಡವು ಕುಸಿಯುತ್ತದೆ. ಮೂತ್ರಪಿಂಡಗಳಿಗೆ ಸಾಕಷ್ಟು ರಕ್ತ ದೊರೆಯದೆ ಮೂತ್ರವು ನಿಂತುಹೋಗುತ್ತದೆ. ಮೆದುಳಿಗೆ ರಕ್ತಸಂಚಾರ ಕುಂಠಿತವಾಗಿ ರೋಗಿಯು ಮಂಪರಿಗೆ, ನಂತರ ಪ್ರಜ್ಞಾಹೀನ ಸ್ಥಿತಿಗೆ ಜಾರುತ್ತಾನೆ. ಈ ಹಂತದಲ್ಲಿ ಬಾಯಿಯ ಮೂಲಕ ನೀರು ಕುಡಿಯುವ ಶಕ್ತಿಯೇ ಇರುವುದಿಲ್ಲವಾದ್ದರಿಂದ, ಚಿಕಿತ್ಸೆಯನ್ನು ಇದಕ್ಕೆ ಬಹಳ ಮೊದಲೇ ಆರಂಭಿಸುವುದು ಅತ್ಯವಶ್ಯಕ.

3. ನಿರ್ಜಲೀಕರಣದ ಹಂತಗಳನ್ನು ಗುರುತಿಸುವ ಬಗೆ

ಭೇದಿಯಿಂದ ಬಳಲುತ್ತಿರುವ ಮಗುವಿನಲ್ಲಿ ನಾಲ್ಕು ಅಂಶಗಳನ್ನು ಗಮನಿಸತಕ್ಕದ್ದು: ಮಗುವಿನ ಎಚ್ಚರ, ಕಣ್ಣುಗಳು, ನೀರು ಕುಡಿಯುವ ರೀತಿ ಮತ್ತು ಚರ್ಮ. ಚರ್ಮವನ್ನು ಪರೀಕ್ಷಿಸಲು ಹೊಕ್ಕುಳು ಮತ್ತು ಪಕ್ಕೆಯ ನಡುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಿಂದ ಎತ್ತಿ ಹಿಡಿದು ಬಿಡಬೇಕು.

(ಅ) ನಿರ್ಜಲೀಕರಣವಿಲ್ಲದ ಹಂತ: ಮಗುವು ಚಟುವಟಿಕೆಯಿಂದಿರುತ್ತದೆ, ಎಂದಿನಂತೆ ಕುಡಿಯುತ್ತದೆ, ಎತ್ತಿಬಿಟ್ಟ ಚರ್ಮವು ತಕ್ಷಣ ಮೊದಲಿನಂತಾಗುತ್ತದೆ. ಈ ಹಂತದಲ್ಲಿಯೂ ದೇಹತೂಕದ ಶೇಕಡಾ 5ಕ್ಕಿಂತ ಕಡಿಮೆ ನೀರು ನಷ್ಟವಾಗಿರಬಹುದು.

(ಆ) ಸ್ವಲ್ಪಮಟ್ಟಿನ ನಿರ್ಜಲೀಕರಣ: ಮಗುವು ಚಡಪಡಿಸುತ್ತದೆ, ಕಿರಿಕಿರಿ ಮಾಡುತ್ತದೆ, ಕಣ್ಣು ಗುಳಿಬಿದ್ದಿರುತ್ತವೆ, ಲೋಟವನ್ನು ಕಂಡೊಡನೆ ಆತುರದಿಂದ ಕುಡಿಯುತ್ತದೆ, ಚರ್ಮವು ನಿಧಾನವಾಗಿ ಮೊದಲಿನಂತಾಗುತ್ತದೆ. ನಷ್ಟವು ತೂಕದ ಶೇಕಡಾ 5ರಿಂದ 10. ಹತ್ತು ಕಿ.ಗ್ರಾಂ ತೂಕದ ಮಗುವಿನಲ್ಲಿ ಇದು ಅರ್ಧ ಲೀಟರಿನಿಂದ ಒಂದು ಲೀಟರ್.

(ಇ) ತೀವ್ರ ನಿರ್ಜಲೀಕರಣ: ಮಗುವು ಮಂಪರಿನಲ್ಲಿರುತ್ತದೆ ಅಥವಾ ಎಚ್ಚರ ತಪ್ಪಿರುತ್ತದೆ, ಕುಡಿಯಲಾರದು, ಚರ್ಮವು ಮೊದಲಿನಂತಾಗಲು ಎರಡು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ. ನಷ್ಟವು ಶೇಕಡಾ 10ಕ್ಕಿಂತ ಅಧಿಕ. ಇದು ತುರ್ತು ಪರಿಸ್ಥಿತಿ.

ಸೂಚನೆ: ಚಡಪಡಿಸುತ್ತಿದ್ದ ಮಗುವು ಏನನ್ನೂ ಕುಡಿಯದೆ ಸುಮ್ಮನೆ ಮಲಗಿದರೆ ಅದು ಗುಣವಾಗುತ್ತಿದೆಯೆಂದು ಪೋಷಕರು ಭಾವಿಸುವ ಸಂಭವವಿದೆ. ಎಬ್ಬಿಸಿದಾಗ ಸರಿಯಾಗಿ ಎಚ್ಚರಗೊಳ್ಳದಿದ್ದಲ್ಲಿ ಅದು ನಿದ್ರೆಯಲ್ಲ, ಅಪಾಯದ ಲಕ್ಷಣವೆಂದು ತಿಳಿಯತಕ್ಕದ್ದು. ಹಸುಗೂಸುಗಳ ನೆತ್ತಿಯ ಮೃದುಭಾಗವು ಗುಳಿಬೀಳುವುದೂ ನಿರ್ಜಲೀಕರಣದ ಲಕ್ಷಣವೇ. ನೆತ್ತಿಗೆ ಎಣ್ಣೆ ಹಾಕುವುದರಿಂದ ಈ ಗುಳಿಯು ತುಂಬುವುದಿಲ್ಲ. ಮಗುವಿನ ದೇಹಕ್ಕೆ ದ್ರವವನ್ನು ನೀಡುವುದರಿಂದ ಮಾತ್ರ ತುಂಬುತ್ತದೆ.

4. ಓ.ಆರ್.ಎಸ್. ದ್ರಾವಣ: ಕಾರ್ಯವಿಧಾನ ಮತ್ತು ಹಿನ್ನೆಲೆ

ಭೇದಿಯಾಗುತ್ತಿರುವಾಗಲೂ ಕರುಳಿನ ಒಂದು ಸಾಮರ್ಥ್ಯವು ಉಳಿದಿರುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಸೂಕ್ತ ಪ್ರಮಾಣದಲ್ಲಿ ಒಟ್ಟಿಗೆ ಇದ್ದಾಗ ಕರುಳಿನ ಗೋಡೆಯು ಅವೆರಡನ್ನೂ ಜೊತೆಯಾಗಿ ಒಳಗೆ ಸೆಳೆದುಕೊಳ್ಳುತ್ತದೆ. ಅವುಗಳನ್ನು ಹಿಂಬಾಲಿಸಿ ನೀರೂ ಒಳಗೆ ಹೋಗುತ್ತದೆ. ಉಪ್ಪು ಮತ್ತು ಸಕ್ಕರೆ ಎರಡೂ ಇರಬೇಕೆಂಬ ನಿಯಮದ ಆಧಾರ ಇದೇ ಆಗಿದೆ.

1971ರಲ್ಲಿ ಬಾಂಗ್ಲಾದೇಶ ವಿಮೋಚನಾ ಯುದ್ಧದ ಸಂದರ್ಭದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ವ್ಯಾಪಿಸಿದಾಗ, ರಕ್ತನಾಳಕ್ಕೆ ನೀಡುವ ಸಲೈನ್ ದ್ರಾವಣವು ಸಾಲದಾಯಿತು. ಆಗ ಡಾ. ದಿಲೀಪ್ ಮಹಾಲನೊಬಿಸ್ ಅವರು ಉಪ್ಪು, ಅಡಿಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿರಿಸಿ, ರೋಗಿಗಳ ಸಂಬಂಧಿಕರ ಕೈಯಿಂದಲೇ ಕುಡಿಸುವ ವ್ಯವಸ್ಥೆ ಮಾಡಿದರು. ಶೇಕಡಾ 30ರಷ್ಟಿದ್ದ ಮರಣ ಪ್ರಮಾಣವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ವೈದ್ಯಕೀಯ ತರಬೇತಿ ಇಲ್ಲದ ಸಾಮಾನ್ಯ ಜನರೂ ಈ ಚಿಕಿತ್ಸೆಯನ್ನು ಸಮರ್ಪಕವಾಗಿ ನೀಡಬಲ್ಲರೆಂಬುದು ಇದರಿಂದ ಸ್ಪಷ್ಟವಾಯಿತು. 2022ರಲ್ಲಿ ನಿಧನರಾದ ಅವರಿಗೆ ಭಾರತ ಸರ್ಕಾರವು 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನು ಘೋಷಿಸಿತು.

ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ ಒಂದು ಲೀಟರ್ ದ್ರಾವಣಕ್ಕೆ ಗ್ಲೂಕೋಸ್ 13.5 ಗ್ರಾಂ, ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ ಮತ್ತು ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ ಇರತಕ್ಕದ್ದು. ಪೊಟ್ಟಣವನ್ನು ಖರೀದಿಸುವಾಗ ಈ ವಿವರವನ್ನು ಪರಿಶೀಲಿಸುವುದು ಸೂಕ್ತ. ಯಾವುದೇ ಆಹಾರ ಉತ್ಪನ್ನ ಅಥವಾ ಪಾನೀಯವು ತನ್ನ ಹೆಸರಿನಲ್ಲಿ ‘ಓ.ಆರ್.ಎಸ್.’ ಎಂಬ ಪದವನ್ನು ಬಳಸುವಂತಿಲ್ಲವೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರ್ ತಿಂಗಳಲ್ಲಿ ಆದೇಶಿಸಿದೆ. ಸಿಹಿ ಪಾನೀಯಗಳು ಓ.ಆರ್.ಎಸ್.ಗೆ ಪರ್ಯಾಯವಲ್ಲ.

5. ದ್ರಾವಣವನ್ನು ತಯಾರಿಸುವ ವಿಧಾನ

1. ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು.
2. ಕುದಿಸಿ ಆರಿಸಿದ ಅಥವಾ ಶುದ್ಧವಾದ ಕುಡಿಯುವ ನೀರನ್ನು ಶುಚಿಯಾದ ಪಾತ್ರೆಯಲ್ಲಿ ಅಳೆದು ತೆಗೆದುಕೊಳ್ಳಬೇಕು. ಎಷ್ಟು ನೀರು ಬೇಕೆಂಬುದನ್ನು ಪೊಟ್ಟಣದ ಮೇಲೆ ನಮೂದಿಸಲಾಗಿರುತ್ತದೆ, 20.5 ಗ್ರಾಂ ಪೊಟ್ಟಣಕ್ಕೆ ಒಂದು ಲೀಟರ್.
3. ಪೊಟ್ಟಣವನ್ನು ಪೂರ್ತಿಯಾಗಿ ಒಮ್ಮೆಗೇ ಹಾಕಿ ಕರಗುವವರೆಗೆ ಕಲಕಬೇಕು. ಒಂದು ಪೊಟ್ಟಣದ ಸ್ವಲ್ಪ ಪುಡಿಯನ್ನು ಒಂದು ಲೋಟ ನೀರಿಗೆ ಅಂದಾಜಿನಿಂದ ಬೆರೆಸಕೂಡದು. ದ್ರಾವಣವು ಗಟ್ಟಿಯಾದಲ್ಲಿ ರಕ್ತದಲ್ಲಿ ಸೋಡಿಯಂ ಹೆಚ್ಚಿ ಮಗುವಿಗೆ ಅಪಸ್ಮಾರ ಬರಬಹುದು, ತೆಳುವಾದಲ್ಲಿ ಪ್ರಯೋಜನವಾಗದು.
4. ಸಕ್ಕರೆ, ಹಾಲು, ಹಣ್ಣಿನ ರಸ ಮುಂತಾದವುಗಳನ್ನು ಸೇರಿಸಬಾರದು, ದ್ರಾವಣವನ್ನು ಕುದಿಸಬಾರದು.
5. ಮುಚ್ಚಿಟ್ಟು 24 ಗಂಟೆಗಳೊಳಗೆ ಬಳಸಬೇಕು. ಉಳಿದುದನ್ನು ಚೆಲ್ಲಿ ಹೊಸದಾಗಿ ತಯಾರಿಸಬೇಕು.

ಪೊಟ್ಟಣವು ದೊರೆಯುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ ಮತ್ತು ಅರ್ಧ ಸಮತಟ್ಟಾದ ಟೀ ಚಮಚ ಉಪ್ಪನ್ನು ಬೆರೆಸಿ ನೀಡಬಹುದು. ಕುಡಿಸುವ ಮೊದಲು ರುಚಿ ನೋಡಬೇಕು. ಅದು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಕೂಡದು. ಉಪ್ಪು ಬೆರೆಸಿದ ಅಕ್ಕಿ ಗಂಜಿ, ತೆಳುವಾದ ಮಜ್ಜಿಗೆ, ಎಳನೀರು, ಬೇಳೆಯ ತಿಳಿ ಇವುಗಳೂ ಸಹಕಾರಿ.

6. ನೀಡಬೇಕಾದ ಪ್ರಮಾಣ

ಪ್ರತಿ ಬಾರಿ ಭೇದಿಯಾದ ನಂತರ:
- 2 ವರ್ಷದೊಳಗಿನ ಮಕ್ಕಳಿಗೆ: 50ರಿಂದ 100 ಮಿ.ಲೀ.
- 2ರಿಂದ 10 ವರ್ಷದ ಮಕ್ಕಳಿಗೆ: 100ರಿಂದ 200 ಮಿ.ಲೀ.
- ಅದಕ್ಕೂ ಮೇಲ್ಪಟ್ಟವರಿಗೆ: ಕುಡಿಯಲು ಸಾಧ್ಯವಾದಷ್ಟು.

ಸ್ವಲ್ಪಮಟ್ಟಿನ ನಿರ್ಜಲೀಕರಣವು ಕಂಡುಬಂದ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಅಲ್ಲಿ ಪ್ರತಿ ಕಿ.ಗ್ರಾಂ ತೂಕಕ್ಕೆ 75 ಮಿ.ಲೀ.ನಂತೆ ನಾಲ್ಕು ಗಂಟೆಗಳಲ್ಲಿ ದ್ರಾವಣವನ್ನು ಕುಡಿಸಿ, ಮತ್ತೆ ಪರೀಕ್ಷಿಸಲಾಗುತ್ತದೆ. ದಾರಿಯುದ್ದಕ್ಕೂ ಕುಡಿಸುತ್ತಲೇ ಇರಬೇಕು.

ಚಿಕ್ಕ ಮಕ್ಕಳಿಗೆ ಚಮಚದಿಂದ, ಒಂದೆರಡು ನಿಮಿಷಕ್ಕೊಮ್ಮೆ ಕುಡಿಸಬೇಕು. ವಾಂತಿಯಾದಲ್ಲಿ ಹತ್ತು ನಿಮಿಷ ತಡೆದು, ಇನ್ನೂ ನಿಧಾನವಾಗಿ ಮುಂದುವರಿಸಬೇಕು. ವಾಂತಿಯಾಯಿತೆಂದು ನಿಲ್ಲಿಸಕೂಡದು; ಕುಡಿದುದರಲ್ಲಿ ಸ್ವಲ್ಪ ಭಾಗವಾದರೂ ಒಳಗೆ ಉಳಿದಿರುತ್ತದೆ.

ಓ.ಆರ್.ಎಸ್. ಭೇದಿಯನ್ನು ತಕ್ಷಣ ನಿಲ್ಲಿಸುವ ಔಷಧವಲ್ಲ. ಇದನ್ನು ತಿಳಿಯದೆ ಹಲವರು ‘ಗುಣ ಕಾಣಲಿಲ್ಲ’ವೆಂದು ಅರ್ಧಕ್ಕೇ ಬಿಡುತ್ತಾರೆ. ಭೇದಿಯು ಮುಂದುವರಿದಿದ್ದರೂ ಮಗುವಿನ ಕಣ್ಣುಗಳು ತಿಳಿಯಾಗಿ, ಮೂತ್ರ ವಿಸರ್ಜನೆಯಾಗುತ್ತಿದ್ದಲ್ಲಿ ಚಿಕಿತ್ಸೆಯು ಫಲಕಾರಿಯಾಗಿದೆಯೆಂದು ಅರ್ಥ.

ಇದರೊಂದಿಗೆ ಸತುವಿನ ಮಾತ್ರೆಗಳನ್ನು 14 ದಿನಗಳ ಕಾಲ ನೀಡಬೇಕು: 2ರಿಂದ 6 ತಿಂಗಳ ಶಿಶುವಿಗೆ ದಿನಕ್ಕೆ 10 ಮಿ.ಗ್ರಾಂ, 6 ತಿಂಗಳಿಂದ 5 ವರ್ಷದವರೆಗೆ 20 ಮಿ.ಗ್ರಾಂ. ಭೇದಿ ನಿಂತ ನಂತರವೂ ಮಾತ್ರೆಯ ಅವಧಿಯನ್ನು ಪೂರ್ಣಗೊಳಿಸಬೇಕು.

7. ಸಾಮಾನ್ಯವಾಗಿ ಕಂಡುಬರುವ ತಪ್ಪು ಕಲ್ಪನೆಗಳು

- ‘ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ’: ಇದು ಅತ್ಯಂತ ಅಪಾಯಕಾರಿ ನಂಬಿಕೆ. ನೀರು ಕೊಡದಿದ್ದರೆ ಭೇದಿಯು ನಿಲ್ಲುವುದಿಲ್ಲ, ದೇಹವು ಒಣಗುತ್ತದೆ.
- ‘ಹೊಟ್ಟೆಯನ್ನು ಖಾಲಿ ಬಿಡಬೇಕು’: ಎದೆಹಾಲನ್ನು ಹೆಚ್ಚು ಬಾರಿ ಉಣಿಸಬೇಕು. ಆರು ತಿಂಗಳು ಮೀರಿದ ಮಕ್ಕಳಿಗೆ ಮೆತ್ತಗಿನ ಅನ್ನ, ಬಾಳೆಹಣ್ಣು, ಮೊಸರು ಮುಂತಾದ ಆಹಾರವನ್ನು ಮುಂದುವರಿಸಬೇಕು.
- ‘ತಂಪು ಪಾನೀಯ ಶಕ್ತಿ ಕೊಡುತ್ತದೆ’: ಅಧಿಕ ಸಕ್ಕರೆಯು ದೇಹದಲ್ಲಿನ ನೀರನ್ನು ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ.
- ‘ಮಾತ್ರೆಯಿಂದ ಭೇದಿಯನ್ನು ಕಟ್ಟಬೇಕು’: ಭೇದಿ ಕಟ್ಟುವ ಮಾತ್ರೆಗಳನ್ನು ಚಿಕ್ಕ ಮಕ್ಕಳಿಗೆ ನೀಡಬಾರದು. ಪ್ರತಿಜೀವಕ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ ಬಳಸಬಾರದು.

8. ಬೇಸಿಗೆ ಮತ್ತು ವಯೋವೃದ್ಧರು

ಭೇದಿಯಿಲ್ಲದೆಯೂ ನಿರ್ಜಲೀಕರಣವು ಉಂಟಾಗಬಹುದು. ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಬಿಸಿಲಿನಲ್ಲಿ ದುಡಿಯುವವರು ಬಾಯಾರಿಕೆಗಾಗಿ ಕಾಯದೆ ಆಗಾಗ್ಗೆ ನೀರು, ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯುತ್ತಿರಬೇಕು. ವಯೋವೃದ್ಧರಲ್ಲಿ ಬಾಯಾರಿಕೆಯ ಅರಿವು ಕಡಿಮೆಯಾಗಿರುವುದರಿಂದ ಮನೆಯವರೇ ನೆನಪಿಸಿ ಕುಡಿಸುವುದು ಒಳ್ಳೆಯದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿನ ಮಿತಿಯನ್ನು ಸೂಚಿಸಲ್ಪಟ್ಟವರು ತಮ್ಮ ವೈದ್ಯರ ಸಲಹೆಯನ್ನು ಪಡೆಯತಕ್ಕದ್ದು. ಬಿಸಿಲಿನಲ್ಲಿದ್ದ ವ್ಯಕ್ತಿಯ ಮೈ ಸುಡುತ್ತಿದ್ದು ಮಾತು ತೊದಲಿದಲ್ಲಿ ಅದು ಶಾಖಾಘಾತ. ನೆರಳಿಗೆ ಸಾಗಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

9. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕಾದ ಸಂದರ್ಭಗಳು

- ಮಗುವು ಕುಡಿಯಲು ಅಥವಾ ಎದೆಹಾಲು ಹೀರಲು ಅಶಕ್ತವಾದಾಗ
- ಮಂಪರು, ಎಚ್ಚರ ತಪ್ಪುವಿಕೆ ಅಥವಾ ಅಪಸ್ಮಾರ ಕಂಡುಬಂದಾಗ
- ಮಲದಲ್ಲಿ ರಕ್ತ ಕಂಡುಬಂದಾಗ
- ಕುಡಿದುದೆಲ್ಲವೂ ವಾಂತಿಯಾಗುತ್ತಿರುವಾಗ
- ಆರು ಗಂಟೆಗಳಿಗೂ ಹೆಚ್ಚು ಕಾಲ ಮೂತ್ರ ವಿಸರ್ಜನೆಯಾಗದಿದ್ದಾಗ
- ಎರಡು ತಿಂಗಳೊಳಗಿನ ಶಿಶುವಿಗೆ ಭೇದಿಯಾದಾಗ

10. ಸೇವೆಗಳು ದೊರೆಯುವ ಸ್ಥಳ

ಓ.ಆರ್.ಎಸ್. ಪೊಟ್ಟಣಗಳು ಮತ್ತು ಸತುವಿನ ಮಾತ್ರೆಗಳಿಗಾಗಿ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು, ಆರೋಗ್ಯ ಉಪಕೇಂದ್ರವನ್ನು, ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ನಗರಗಳಲ್ಲಿನ ನಮ್ಮ ಕ್ಲಿನಿಕ್ ಅನ್ನು ಸಂಪರ್ಕಿಸಬಹುದು. ಇದಕ್ಕೆ ಲಿಖಿತ ಅರ್ಜಿ ಬೇಕಿಲ್ಲ. ತುರ್ತು ಸಂದರ್ಭಗಳಲ್ಲಿ 108 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಆಂಬುಲೆನ್ಸ್ ಸೇವೆಯನ್ನು ಪಡೆಯಬಹುದು. ಶಿಶುಗಳಲ್ಲಿ ತೀವ್ರ ಭೇದಿಗೆ ಪ್ರಮುಖ ಕಾರಣವಾದ ರೋಟಾ ವೈರಾಣುವಿನ ವಿರುದ್ಧದ ಲಸಿಕೆಯನ್ನು 6, 10 ಮತ್ತು 14ನೇ ವಾರಗಳಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಹಾಕಿಸಿಕೊಳ್ಳಬಹುದು.

ಒಂದೇ ಬೀದಿ ಅಥವಾ ಗ್ರಾಮದಲ್ಲಿ ಹಲವರಿಗೆ ಏಕಕಾಲದಲ್ಲಿ ವಾಂತಿ-ಭೇದಿ ಕಂಡುಬಂದಲ್ಲಿ, ನೀರಿನ ಮೂಲದ ಪರೀಕ್ಷೆಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸ್ಥಳೀಯ ಸಂಸ್ಥೆಗೂ ತಡಮಾಡದೆ ತಿಳಿಸುವುದು ಪ್ರತಿಯೊಬ್ಬ ನಾಗರಿಕರ ಹೊಣೆ. ಐದು ವರ್ಷದೊಳಗಿನ ಮಕ್ಕಳಿರುವ ಪ್ರತಿ ಮನೆಯಲ್ಲಿಯೂ ಕನಿಷ್ಠ ಎರಡು ಓ.ಆರ್.ಎಸ್. ಪೊಟ್ಟಣಗಳನ್ನು ಮುಂಚಿತವಾಗಿಯೇ ತಂದಿರಿಸಿಕೊಳ್ಳಬೇಕೆಂದು ಕೋರಲಾಗಿದೆ. ಭೇದಿಯು ಆರಂಭವಾಗುವುದು ಅನೇಕ ವೇಳೆ ರಾತ್ರಿಯಲ್ಲಿ; ಆಗ ಅಂಗಡಿಯೂ ಕೇಂದ್ರವೂ ತೆರೆದಿರುವುದಿಲ್ಲ.