ಶಂಕರಘಟ್ಟಕ್ಕೆ ಬಂದ ಕಪ್ಪೆಶಾಸ್ತ್ರ

ಭದ್ರಾವತಿ ಎಂದರೆ ಕಬ್ಬಿಣ, ಕಾಗದ. ಅದೇ ತಾಲ್ಲೂಕಿನ ಕಾಡಂಚಿನ ಶಂಕರಘಟ್ಟದಲ್ಲಿ ಸದ್ದಿಲ್ಲದೆ ಬೆಳೆದ ಕಪ್ಪೆಶಾಸ್ತ್ರದ ಸುದ್ದಿ ಶಿವಮೊಗ್ಗ ಪೇಟೆಗೂ ಅಷ್ಟಾಗಿ ತಲುಪಿಲ್ಲ.

ಈ ವಿದ್ಯೆಯ ಬೇರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದೆ. ಅಲ್ಲಿ ಪ್ರಾಣಿಶಾಸ್ತ್ರ ವಿಭಾಗ ಕಟ್ಟಿದ ಸಿ.ಆರ್. ನಾರಾಯಣ ರಾವ್ ಕೊಡಗು, ಕೊಟ್ಟಿಗೆಹಾರ, ಸಕಲೇಶಪುರದ ಕಪ್ಪೆಗಳಿಗೆ ವಿಜ್ಞಾನದಲ್ಲಿ ಹೆಸರು ಕೊಟ್ಟವರು. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ದಕ್ಷಿಣ ಭಾರತದ ಹೊಸ ಕಪ್ಪೆಗಳ ಕುರಿತ ಅವರ ದೊಡ್ಡ ಪ್ರಬಂಧ ಬಂದದ್ದು 1937ರಲ್ಲಿ. ಆಮೇಲೆ ಹಲವು ದಶಕ ಘಟ್ಟದ ಕಪ್ಪೆಗಳತ್ತ ಕಣ್ಣು ಹಾಯಿಸಿದವರು ಬೆರಳೆಣಿಕೆಯಷ್ಟು ಮಂದಿ.

ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ್ದು 1987ರಲ್ಲಿ. ಅದರ ಪರಿಸರ ವಿಜ್ಞಾನ ವಿಭಾಗದ ಎಸ್.ವಿ. ಕೃಷ್ಣಮೂರ್ತಿ ಶೃಂಗೇರಿ ಸೀಮೆಯ ಉಭಯವಾಸಿಗಳಿಂದ ಹಿಡಿದು ಕುದುರೆಮುಖದ ಕಾಡಿನವರೆಗೆ ಕಪ್ಪೆಗಳ ಬೆನ್ನು ಹತ್ತಿದರು. ಕೆಡದ ಕಾಡಿನಲ್ಲಿ ಯಾವ ಕಪ್ಪೆ ಇದೆ, ಕೆಟ್ಟ ಜಾಗದಲ್ಲಿ ಯಾವುದು ಉಳಿದಿದೆ ಎಂದು ಅವರು ಹೋಲಿಸಿ ಬರೆದ ಪ್ರಬಂಧ 2003ರದು. ಕುದುರೆಮುಖದ ಗಣಿಗಾರಿಕೆ ಆಗಿನ್ನೂ ನಿಂತಿರಲಿಲ್ಲ ಎಂಬುದು ಗೊತ್ತಿದ್ದರೆ ಆ ಕೆಲಸದ ತೂಕ ತಿಳಿಯುತ್ತದೆ. ನೀರಿಗಿಳಿಯುವ ನೈಟ್ರೇಟ್ ಗೊದಮೊಟ್ಟೆಗಳ ಮೇವಿಗೆ ಏನು ಮಾಡುತ್ತದೆ ಎಂದೂ ಅವರ ತಂಡ ಪರೀಕ್ಷಿಸಿತು. ಗದ್ದೆ, ತೋಟಕ್ಕೆ ಗೊಬ್ಬರ ಸುರಿಯುವ ಮಲೆನಾಡಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಯಾವುದಿದೆ?

ಕೃಷ್ಣಮೂರ್ತಿ ಮತ್ತು ಸಂಗಡಿಗರು ಇರುಳುಗಪ್ಪೆಯೊಂದನ್ನು ಹೊಸ ಪ್ರಭೇದವೆಂದು ವರ್ಣಿಸಿದ್ದು 2001ರಲ್ಲಿ, ನಾರಾಯಣ ರಾಯರ ಅದೇ 'ಕರೆಂಟ್ ಸೈನ್ಸ್'ನಲ್ಲಿ. ಆ ಪ್ರಬಂಧದ ಲೇಖಕರಲ್ಲಿ ಕೆ.ವಿ. ಗುರುರಾಜ ಕೂಡ ಒಬ್ಬರು. ಇದೇ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು. ಮನಸ್ಸು ಮಾತ್ರ ಶರಾವತಿ ಕೊಳ್ಳದಲ್ಲೇ ಉಳಿಯಿತು. ಅವರೂ ಸಂಗಡಿಗರೂ 2007ರಲ್ಲಿ ಅಲ್ಲಿನ ಪೊದೆಗಪ್ಪೆಯೊಂದಕ್ಕೆ ನೀಲನೇತ್ರಸ್ ಎಂದು ಹೆಸರಿಟ್ಟರು. ಅದು ಈಗ ಸೇರಿರುವ ಕುಲ ರಾವೋರ್ಕೆಸ್ಟಿಸ್. 2010ರಲ್ಲಿ ಆ ಕುಲಕ್ಕೆ ಆ ಹೆಸರು ಬಂದದ್ದು ನಾರಾಯಣ ರಾಯರ ನೆನಪಿಗೆ.

ಕಪ್ಪೆ ಅಭ್ಯಾಸ ಮಾಡುವವರಿಗೆ ಪ್ರಯೋಗಾಲಯಕ್ಕಿಂತ ಮೊದಲು ಮಳೆ ಬೇಕು. ಜಡಿಮಳೆಯ ರಾತ್ರಿ, ಕಾಲಿಗೆ ಹತ್ತುವ ಉಂಬಳ, ಟಾರ್ಚಿನ ಬೆಳಕಿನಲ್ಲಿ ಹಳ್ಳದ ಅಂಚು: ಕಾಡಿನ ಮಗ್ಗುಲಲ್ಲೇ ವಿಶ್ವವಿದ್ಯಾಲಯ ಇದ್ದದ್ದು ಒಳ್ಳೆಯದಾಯಿತು ಎಂದು ನನಗೆ ಅನಿಸುವುದು ಇದಕ್ಕೇ.

ಜೋಗದಿಂದ ಹೊನ್ನಾವರದ ಕಡೆ ಇಳಿಯುವ ದಾರಿಯ ಕತ್ತಲೆಕಾನಿನಲ್ಲಿ ಇಂಥ ರಾತ್ರಿಗಳು ಫಲ ಕೊಟ್ಟವು. ಅಲ್ಲಿನ ಒಂದು ಇರುಳುಗಪ್ಪೆಯ ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲಿನದು ಗಂಡಿನ ಪಾಳಿ. ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಬಾಚುತ್ತದೆ, ಹಿಂಗಾಲಿನ ಮೇಲೆ ಎದ್ದು ನಿಂತು ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಾಚಿ, ಮತ್ತೆ ಮೆತ್ತುತ್ತದೆ. ಗುರುರಾಜ, ಕೆ.ಪಿ. ದಿನೇಶ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಲೋಕಕ್ಕೆ ತಿಳಿಸಿ, ಕಪ್ಪೆಗೆ ಕುಂಬಾರ ಎಂಬ ಹೆಸರನ್ನೇ ಕೊಟ್ಟರು.