ಅಮೆರಿಕದ ಕಾದಂಬರಿಗಳ ಪ್ರಥಮ ಮುದ್ರಣಗಳೂ ಕರ್ತೃಹಸ್ತಾಕ್ಷರಗಳೂ

ತಾಳೆಯೋಲೆಯ ಗ್ರಂಥಗಳಲ್ಲಿ ಲಿಪಿಕಾರರ ಅನವಧಾನದಿಂದ ಅಪಪಾಠಗಳು ಸೇರಿರುವುದು ವಿದ್ವಾಂಸರಿಗೆಲ್ಲ ವಿದಿತವಾದ ವಿಷಯವೇ ಸರಿ. ಆದರೆ ಗ್ರಂಥವು ಅಚ್ಚಾದೊಡನೆ ಪಾಠವು ಸ್ಥಿರವಾಯಿತೆಂದೂ, ಪ್ರತಿಪ್ರತಿಗೆ ಭೇದವಿಲ್ಲವೆಂದೂ ಸಾಮಾನ್ಯವಾಗಿ ನಂಬುತ್ತೇವೆ. ಈ ನಂಬಿಕೆಯು ಎಷ್ಟು ದುರ್ಬಲವಾದುದೆಂಬುದನ್ನು ಅಮೆರಿಕದ ಪ್ರಸಿದ್ಧ ಕಾದಂಬರಿಗಳ ಪ್ರಥಮ ಮುದ್ರಣಗಳನ್ನೂ, ಕರ್ತೃಗಳ ಹಸ್ತಾಕ್ಷರವುಳ್ಳ ಪ್ರತಿಗಳನ್ನೂ ಸಂಗ್ರಹಿಸುವವರ ಪರಿಶ್ರಮವು ತೋರಿಸಿಕೊಟ್ಟಿದೆ. ಈ ಸಂಗ್ರಹವು ಧನಿಕರ ವಿನೋದಮಾತ್ರವೆಂದು ಭಾವಿಸುವವರುಂಟು. ಸಾಹಿತ್ಯವನ್ನು ಬೋಧಿಸುವವರಿಗೆ ಇದರಿಂದ ಪ್ರಯೋಜನವುಂಟೇ ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಪರಿಭಾಷೆಯನ್ನು ತಿಳಿಯತಕ್ಕುದು. ಒಮ್ಮೆ ಜೋಡಿಸಿದ ಅಚ್ಚುಮೊಳೆಗಳಿಂದ, ಅಥವಾ ಅವುಗಳಿಂದ ಎರಕಹೊಯ್ದ ಫಲಕಗಳಿಂದ, ಹೊರಟ ಪ್ರತಿಗಳೆಲ್ಲ ಸೇರಿ ಒಂದು ‘ಆವೃತ್ತಿ’. ಅವುಗಳಲ್ಲಿ ಒಂದೇ ಬಾರಿಗೆ ಅಚ್ಚಾದವುಗಳು ಒಂದು ‘ಮುದ್ರಣ’. ಮುದ್ರಣವು ನಡೆಯುತ್ತಿರುವಾಗಲೇ ತಿದ್ದುಪಡಿಯಾದರೆ, ತಿದ್ದುವುದಕ್ಕೆ ಮುಂಚಿನದೂ ಅನಂತರದ್ದೂ ಎರಡು ‘ಅವಸ್ಥೆ’ಗಳು. ಸಂಗ್ರಾಹಕರು ಅರಸುವುದು ಪ್ರಥಮ ಆವೃತ್ತಿಯ ಪ್ರಥಮ ಮುದ್ರಣವನ್ನು.

ಇದನ್ನು ನಿರ್ಣಯಿಸಲು ಮುಖಪತ್ರದ ಇಸವಿಯೊಂದೇ ಸಾಲದು. ಹಾಥಾರ್ನನ ‘ದಿ ಸ್ಕಾರ್ಲೆಟ್ ಲೆಟರ್’ 1850ರ ಮಾರ್ಚಿಯಲ್ಲಿ ಬಾಸ್ಟನ್ನಿನಲ್ಲಿ 2,500 ಪ್ರತಿಗಳಾಗಿ ಹೊರಟಿತು. ಅವು ಬೇಗನೆ ಖರ್ಚಾದುದರಿಂದ ಮೊಳೆಗಳನ್ನು ಹೊಸದಾಗಿ ಜೋಡಿಸಿ ಅದೇ ವರ್ಷ ಎರಡನೆಯ ಆವೃತ್ತಿಯನ್ನು ತೆಗೆದರು. ಎರಡರಲ್ಲಿಯೂ ಇಸವಿ 1850 ಎಂದೇ ಇದೆ. ಮಾರ್ಚ್ 30ರ ತಾರೀಖುಳ್ಳ ಪೀಠಿಕೆಯಿದ್ದರೆ ಅದು ಪ್ರಥಮವಲ್ಲವೆಂದು ತಿಳಿಯಬೇಕು. ಮಾರ್ಗರೆಟ್ ಮಿಚೆಲ್ ಎಂಬಾಕೆಯ ‘ಗಾನ್ ವಿತ್ ದಿ ವಿಂಡ್’ ಮಾರಾಟಕ್ಕೆ ಬಂದುದು 1936ನೆಯ ಜೂನ್ 30ರಂದು. ಆದರೂ ಅದರ ಪ್ರಥಮ ಮುದ್ರಣದಲ್ಲಿ ಮೇ ತಿಂಗಳೆಂದೇ ಅಚ್ಚಾಗಿದೆ.

ಇಂತಹ ಎಡೆಗಳಲ್ಲಿ ಮುದ್ರಾರಾಕ್ಷಸನೇ ಸಾಕ್ಷಿಯಾಗಿ ಬಂದು ನಿಲ್ಲುವನು. ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಗ್ರಂಥದ 1885ರ ಅಮೆರಿಕದ ಮುದ್ರಣದಲ್ಲಿ, 57ನೆಯ ಪುಟದಲ್ಲಿ ಗರಗಸವೆಂಬರ್ಥದ ‘ಸಾ’ ಎಂದಿರಬೇಕಾದಲ್ಲಿ ಅಕ್ಷರಗಳು ತಿರುಗುಮುರುಗಾಗಿ ‘ವಾಸ್’ ಎಂದಾಗಿದೆ. ಹೆಮಿಂಗ್ವೆಯ ‘ದಿ ಸನ್ ಆಲ್ಸೋ ರೈಸಸ್’ (1926) ಗ್ರಂಥದ 181ನೆಯ ಪುಟದಲ್ಲಿ ‘ಸ್ಟಾಪ್ಡ್’ ಎಂಬ ಪದಕ್ಕೆ ‘ಪಿ’ ಅಕ್ಷರವು ಮೂರು ಬಾರಿ ಬಿದ್ದಿದೆ. ಹೀಗೆ ದೋಷವೇ ಕಾಲನಿರ್ಣಯಕ್ಕೆ ಲಕ್ಷಣವಾಗಿ ಪರಿಣಮಿಸುತ್ತದೆ.

ಪ್ರಥಮವಾದುದೆಲ್ಲ ಶುದ್ಧವೆಂದು ಇದರಿಂದ ಗ್ರಹಿಸಬಾರದು. ಫಿಟ್ಸ್‌ಜೆರಾಲ್ಡನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ 1925ನೆಯ ಏಪ್ರಿಲ್ 10ರಂದು 20,870 ಪ್ರತಿಗಳಾಗಿ ಪ್ರಕಟವಾಯಿತು. ಅದರ 60ನೆಯ ಪುಟದಲ್ಲಿ ಹರಟೆಯೆಂಬರ್ಥದ ‘ಚ್ಯಾಟರ್’ ಶಬ್ದವಿತ್ತು. ಅದೇ ವರ್ಷದ ಎರಡನೆಯ ಮುದ್ರಣದಲ್ಲಿ ಆ ಸ್ಥಳದಲ್ಲಿ, ಕೇಳಿದ ಮಾತನ್ನೇ ಅರ್ಥವಿಲ್ಲದೆ ಮತ್ತೆ ನುಡಿಯುವುದೆಂಬರ್ಥದ ‘ಎಕೊಲೇಲಿಯ’ ಬಂದಿದೆ. ಇದು ಅಚ್ಚಿನ ತಪ್ಪಲ್ಲ. ಕವಿಯ ಮನಸ್ಸು ಬದಲಾದುದರ ಗುರುತು. ಮೆಲ್ವಿಲ್ಲನ ‘ಮೋಬಿ ಡಿಕ್’ 1851ರ ಅಕ್ಟೋಬರಿನಲ್ಲಿ ‘ದಿ ವೇಲ್’ ಎಂಬ ಹೆಸರಿನಿಂದ ಲಂಡನ್ನಿನಲ್ಲಿ ಮೊದಲು ಅಚ್ಚಾಯಿತು. ಅದರಲ್ಲಿ ಉಪಸಂಹಾರವೇ ಬಿಟ್ಟುಹೋಗಿತ್ತು. ಹಡಗಿನವರೆಲ್ಲ ಮುಳುಗಿದರೆ ಕಥೆಯನ್ನು ಹೇಳುವವನು ಉಳಿದುದು ಹೇಗೆಂದು ಅಲ್ಲಿನ ವಿಮರ್ಶಕರು ಆಕ್ಷೇಪಿಸಿದರು. ಮರುತಿಂಗಳು ನ್ಯೂಯಾರ್ಕಿನಲ್ಲಿ ಅಚ್ಚಾದ ಪ್ರತಿಯಲ್ಲಿ ಆ ಭಾಗವಿದೆ. ಕಾಲದಿಂದ ಹಿಂದಿನದು ಪಾಠದಿಂದ ಮೇಲಾಗಬೇಕೆಂಬ ನಿಯಮವಿಲ್ಲ.

ಇವನ್ನು ಪರಿಶೀಲಿಸದೆ ವ್ಯಾಖ್ಯಾನಕ್ಕೆ ತೊಡಗಿದರೆ ಮಹಾವಿದ್ವಾಂಸರೂ ಎಡವುವರು. ಎಫ್. ಓ. ಮ್ಯಾಥಿಸನ್ ಅವರು 1941ರ ತಮ್ಮ ‘ಅಮೆರಿಕನ್ ರೆನೆಸಾನ್ಸ್’ ಗ್ರಂಥದಲ್ಲಿ, ಮೆಲ್ವಿಲ್ಲನ ‘ವೈಟ್ ಜಾಕೆಟ್’ ಕಾದಂಬರಿಯಲ್ಲಿ ಸಮುದ್ರದ ಮೀನಿಗೆ ಮಲಿನವೆಂಬರ್ಥದ ‘ಸಾಯಿಲ್ಡ್’ ಎಂಬ ವಿಶೇಷಣವಿರುವುದನ್ನು ಕಂಡು, ಅದರ ಅಪೂರ್ವತೆಯನ್ನು ಬಹುವಾಗಿ ಕೊಂಡಾಡಿದರು. ಮೆಲ್ವಿಲ್ ಬರೆದುದು ಸುರುಳಿಸುತ್ತಿದ ಎಂಬರ್ಥದ ‘ಕಾಯಿಲ್ಡ್’. 1850ರ ಪ್ರಥಮ ಮುದ್ರಣದಲ್ಲಿ ಹಾಗೆಯೇ ಇದೆ. ಮ್ಯಾಥಿಸನ್ ಅವರು ನೋಡಿದ ಈಚಿನ ಆವೃತ್ತಿಯಲ್ಲಿ ಒಂದು ಅಕ್ಷರವು ಕೆಟ್ಟಿತ್ತು. ಇದು 1949ರಲ್ಲಿ ಬೆಳಕಿಗೆ ಬಂದಿತು. ಮೊಳೆಜೋಡಿಸುವವನ ಪ್ರಮಾದವು ಮಹಾಕವಿಯ ಪ್ರತಿಭೆಯೆಂದು ಹೊಗಳಿಸಿಕೊಂಡಿತು!

ಇನ್ನು ಹಸ್ತಾಕ್ಷರದ ವಿಚಾರ. ಹೆಸರನ್ನು ಮಾತ್ರ ಬರೆದುದು ಒಂದು ಬಗೆ. ಇಂಥವರಿಗೆಂದು ಬರೆದು ಕೊಟ್ಟುದು ಮತ್ತೊಂದು. ‘ಎ ಫೇರ್‌ವೆಲ್ ಟು ಆರ್ಮ್ಸ್’ ಗ್ರಂಥಕ್ಕೆ 1929ರಲ್ಲಿ 510 ವಿಶೇಷ ಪ್ರತಿಗಳನ್ನು ತೆಗೆದು ಹೆಮಿಂಗ್ವೆಯಿಂದ ರುಜು ಹಾಕಿಸಿದರು. ಅಂತಹ ರುಜುವಿನಿಂದ ಬೆಲೆಯೇರುವುದೇ ಹೊರತು ಚರಿತ್ರೆಗೆ ಲಾಭವು ಅಲ್ಪ. ಆದರೆ ಫಿಟ್ಸ್‌ಜೆರಾಲ್ಡನು 1925ರಲ್ಲಿ ಟಿ. ಎಸ್. ಎಲಿಯಟ್ಟನಿಗೆ ಕೈಬರಹದೊಡನೆ ಕಳುಹಿಸಿದ ‘ಗ್ಯಾಟ್ಸ್‌ಬಿ’ಯ ಪ್ರತಿಯು ಇಬ್ಬರು ಕವಿಗಳ ಸಂಬಂಧಕ್ಕೆ ಪ್ರಮಾಣವಾಗಿದೆ. ಅದನ್ನೋದಿ ಎಲಿಯಟ್ಟನು ಡಿಸೆಂಬರ್ 31ರಂದು ಬರೆದ ಪ್ರಶಂಸೆಯ ಪತ್ರವು ಪ್ರಸಿದ್ಧವಾಗಿದೆ.

ಬೆಲೆಯಿದ್ದಲ್ಲಿ ಕೂಟಲೇಖ್ಯವೂ ಹುಟ್ಟುವುದು. ಷಿಕಾಗೋವಿನ ರೆನ್ ಎಂಬ ಸಂಗ್ರಾಹಕರು ಲಂಡನ್ನಿನ ಟಿ. ಜೆ. ವೈಸನನ್ನು ನಂಬಿ, ಆತನು ಸೃಷ್ಟಿಸಿದ ಹುಸಿ ‘ಪ್ರಥಮ ಮುದ್ರಣ’ಗಳನ್ನು ಕೊಂಡರು. ಕಾರ್ಟರ್ ಮತ್ತು ಪೊಲಾರ್ಡ್ ಎಂಬವರು 1934ರಲ್ಲಿ ಕಾಗದವನ್ನೂ ಮೊಳೆಗಳನ್ನೂ ಪರೀಕ್ಷಿಸಿ, ಹೇಳಿದ ಇಸವಿಯಲ್ಲಿ ಅಂತಹ ಕಾಗದವೇ ಇರಲಿಲ್ಲವೆಂದು ತೋರಿಸಿ ಆ ವಂಚನೆಯನ್ನು ಬಯಲಿಗೆಳೆದರು. ಆದಕಾರಣ ಅಕ್ಷರದ ಹೋಲಿಕೆಯೊಂದನ್ನೇ ನೆಚ್ಚದೆ, ಶಾಯಿ, ಕಾಗದ, ಬೇರೆ ಹಾಳೆಯನ್ನು ತಂದು ಅಂಟಿಸಿದ ಕುರುಹು, ಪ್ರತಿಯು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಪರಂಪರೆ ಇವೆಲ್ಲವನ್ನೂ ವಿಚಾರಿಸಬೇಕು.

ಕೊಳ್ಳುವ ಶಕ್ತಿಯು ನಮ್ಮಲ್ಲಿ ಬಹುಮಂದಿಗೆ ಇಲ್ಲದಿರಬಹುದು. ವಿಚಾರಿಸುವ ಶಕ್ತಿಗೆ ಹಣವು ಬೇಕಾಗಿಲ್ಲ. ಪಾಠಹೇಳುವ ಗ್ರಂಥವು ಯಾವ ಮುದ್ರಣವನ್ನು ಅನುಸರಿಸಿದೆಯೆಂಬುದನ್ನು ಅಧ್ಯಾಪಕರು ಮೊದಲು ತಿಳಿದುಕೊಳ್ಳಲಿ. ಪುಸ್ತಕಭಂಡಾರದವರು ಹೊಸ ಗ್ರಂಥಕ್ಕೆ ರಟ್ಟು ಕಟ್ಟಿಸುವಾಗ ಮುಖಪತ್ರದ ಹಿಂಬದಿಯನ್ನೂ, ಕರ್ತೃವಿನ ಕೈಬರಹವುಳ್ಳ ಹಾಳೆಯನ್ನೂ, ಮೇಲುಹೊದಿಕೆಯನ್ನೂ ಕಿತ್ತೆಸೆಯದಿರಲಿ. ಒಂದು ಶಬ್ದದ ಸ್ವಾರಸ್ಯವನ್ನು ವಿವರಿಸುವುದಕ್ಕೆ ಮುಂಚೆ ಆ ಶಬ್ದವು ಕವಿಯದೇ ಎಂದು ನಿಶ್ಚಯಿಸಿಕೊಳ್ಳುವುದು ವ್ಯಾಖ್ಯಾತೃವಿನ ಮೊದಲ ಧರ್ಮ.